ಮಾರ್ವಾರಿ ಕುದುರೆಯ ಕಿವಿಯ ಹಿಂದಿನ ಜೂಲನ್ನು ಎಷ್ಟು ಅಗಲ ತೆಗೆಯಬೇಕು?

ಆನಗೋಡಿನ ಸವಾರ:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ತಾಲ್ಲೂಕಿನ ಆನಗೋಡಿನ ಬಳಿ ನಮ್ಮ ತೋಟದಲ್ಲಿ ಮಾರ್ವಾರಿ ತಳಿಯ ಒಂದು ಹೆಣ್ಣು ಕುದುರೆಯನ್ನು ಸಾಕಿದ್ದೇವೆ. ಅದರ ಜೂಲು ಬಹಳ ದಟ್ಟ. ಲಗಾಮಿನ ನೆತ್ತಿಪಟ್ಟಿ ಕೂರುವ ಜಾಗದಲ್ಲಿ, ಅಂದರೆ ಎರಡೂ ಕಿವಿಗಳ ಬೆನ್ನಿಗೇ, ಕೂದಲು ಪಟ್ಟಿಯಡಿ ಸಿಕ್ಕಿ ಗಂಟಾಗುತ್ತಿದೆ. ಬೇಸಿಗೆ ಕಾಲಿಟ್ಟ ಮೇಲಂತೂ ಬೆವರಿಗೆ ಮೆಕ್ಕೆಜೋಳದ ಹೊಲಗಳ ಧೂಳು ಸೇರಿ ಅಲ್ಲಿ ಕೊಳೆಯ ಪದರವೇ ಕಟ್ಟುತ್ತದೆ. ಈಗ ಬಲಗಿವಿಯ ಬುಡದಲ್ಲಿ ನಾಣ್ಯದಗಲ ಕೂದಲು ಸವೆದು ಚರ್ಮ ಕೆಂಪಗೆ ಕಾಣುತ್ತಿದೆ. ಇದಕ್ಕಾಗಿ ಬ್ರೈಡಲ್ ಪಾತ್, ಅಂದರೆ ನೆತ್ತಿಪಟ್ಟಿ ಕೂರುವಲ್ಲಿ ಜೂಲನ್ನು ಕತ್ತರಿಸಿ ಮಾಡುವ ಬೋಳು ದಾರಿ, ತೆಗೆಯಬೇಕೆಂದಿದ್ದೇನೆ. ಎಷ್ಟು ಅಗಲ ತೆಗೆಯುವುದು ಸರಿ, ಕತ್ತರಿ ಸಾಕೇ ಅಥವಾ ಕ್ಲಿಪ್ಪರ್ ಬೇಕೇ, ಮತ್ತು ಕ್ಲಿಪ್ಪರಿನ ಸದ್ದು ಕಿವಿಯ ಹತ್ತಿರ ಬಂದೊಡನೆ ತಲೆ ಎತ್ತಿಬಿಡುವ ಕುದುರೆಯನ್ನು ಒಗ್ಗಿಸುವುದು ಹೇಗೆ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ದುರ್ಗದ ಲಾಯದವರು:

ಕತ್ತರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಲಗಾಮು ಹಾಕಿ, ಹಣೆಪಟ್ಟಿ ಮತ್ತು ಹಣೆಯ ನಡುವೆ ಎರಡು ಬೆರಳು ಸಲೀಸಾಗಿ ತೂರುತ್ತವೆಯೇ ನೋಡಿ. ಹಣೆಪಟ್ಟಿ ಗಿಡ್ಡವಾಗಿದ್ದರೆ ಅದು ನೆತ್ತಿಪಟ್ಟಿಯನ್ನು ಮುಂದಕ್ಕೆ ಜಗ್ಗಿ ಕಿವಿಯ ಬುಡಕ್ಕೆ ಒತ್ತುತ್ತದೆ. ನೀವು ಹೇಳಿದ ಜಾಗದಲ್ಲೇ ಗಾಯವಾಗಿರುವುದರಿಂದ ನನಗೆ ಮೊದಲು ಬಂದ ಅನುಮಾನ ಅದೇ. ಹಾಗಿದ್ದರೆ ಎಷ್ಟು ಜೂಲು ತೆಗೆದರೂ ಉಜ್ಜುವುದು ನಿಲ್ಲುವುದಿಲ್ಲ.

ಅಗಲದ ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ಪದ್ಧತಿ ಇದೆ. ಅಮೆರಿಕದ ವೆಸ್ಟರ್ನ್ ಸವಾರರು ಕುದುರೆಯ ಕಿವಿಯನ್ನು ಹಿಂದಕ್ಕೆ ಮಡಿಸಿ ಅದರ ತುದಿ ಮುಟ್ಟುವಲ್ಲಿಯವರೆಗೆ ತೆಗೆಯುತ್ತಾರೆ, ಪ್ರದರ್ಶನದ ಅರಬ್ ಕುದುರೆಗಳಿಗೆ 6ರಿಂದ 8 ಇಂಚು ತೆಗೆಯುವುದೂ ಉಂಟು, ಇಂಗ್ಲಿಷ್ ಶೈಲಿಯ ಸವಾರಿಯಲ್ಲಿ 1ರಿಂದ 2 ಇಂಚಿಗೆ ನಿಲ್ಲಿಸುತ್ತಾರೆ. ನಮ್ಮ ಮಾರ್ವಾರಿಗಳ ಕಿವಿಯ ತುದಿ ಒಳಕ್ಕೆ ಬಾಗಿರುವುದರಿಂದ ಕಿವಿ ಮಡಿಸಿ ಅಳೆಯುವುದು ಸರಿಹೋಗುವುದಿಲ್ಲ, ಅದರ ಅಗತ್ಯವೂ ಇಲ್ಲ. ನಿಮ್ಮ ನೆತ್ತಿಪಟ್ಟಿಯ ಅಗಲಕ್ಕಿಂತ ಒಂದು ಬೆರಳು ಹೆಚ್ಚಿದ್ದರೆ ಸಾಕು. ತೆಗೆದ ಜೂಲು ಮತ್ತೆ ಪಕ್ಕಕ್ಕೆ ಬೀಳುವಷ್ಟು ಉದ್ದವಾಗಲು ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ಬ್ರಷ್ಷಿನಂತೆ ನೆಟ್ಟಗೆ ನಿಂತಿರುತ್ತದೆ. ಆದ್ದರಿಂದ ಮೊದಲ ಸಲ ಕಡಿಮೆಯೇ ತೆಗೆಯಿರಿ.

ಹಣೆಯ ಮೇಲೆ ಬೀಳುವ ಮುಂಗೂದಲನ್ನು ರಬ್ಬರ್ ಬ್ಯಾಂಡಿನಿಂದ ಮುಂದಕ್ಕೆ, ಉಳಿಯಬೇಕಾದ ಜೂಲನ್ನು ಹಿಂದಕ್ಕೆ ಕಟ್ಟಿ. ಈ ಗಡಿ ಗುರುತಿಸದೆ ಕೈಹಾಕಿದರೆ ಮುಂಗೂದಲಿನ ಅರ್ಧ ಭಾಗ ಹೋಗಿಬಿಡುತ್ತದೆ. ಹಾಲ್ಟರನ್ನು (ಕುದುರೆಯನ್ನು ಹಿಡಿಯಲು, ಕಟ್ಟಲು ತಲೆಗೆ ಹಾಕುವ ಪಟ್ಟಿ) ಕುತ್ತಿಗೆಗೆ ಸರಿಸಿ, ಹಗ್ಗವನ್ನು ಗೂಟಕ್ಕೆ ಬಿಗಿಯದೆ ಸಹಾಯಕರ ಕೈಗೆ ಕೊಡಿ. ಮೊಂಡು ತುದಿಯ ಕತ್ತರಿಯಿಂದ ಉದ್ದ ಕೂದಲನ್ನು ತೆಗೆದು, ಆಮೇಲೆ 10ನೇ ನಂಬರಿನ ಬ್ಲೇಡ್ ಹಾಕಿದ ಕ್ಲಿಪ್ಪರನ್ನು ಹಿಂದಿನಿಂದ ಕಿವಿಗಳ ಕಡೆಗೆ ಹಗುರವಾಗಿ ಓಡಿಸಿ. ಅದು ಸುಮಾರು ಒಂದೂವರೆ ಮಿಲಿಮೀಟರ್ ಕೂದಲು ಉಳಿಸುತ್ತದೆ. 40ನೇ ನಂಬರು ಚರ್ಮವನ್ನೇ ಬೋಳಿಸುವುದರಿಂದ ಈ ಕೆಲಸಕ್ಕೆ ಬೇಡ. ಧೂಳು ತುಂಬಿದ ಜೂಲಿಗೆ ಕ್ಲಿಪ್ಪರ್ ಹಾಕಿದರೆ ಬ್ಲೇಡ್ ಮೊಂಡಾಗಿ ಕೂದಲನ್ನು ಕೀಳುತ್ತದೆ, ಹಾಗಾಗಿ ಹಿಂದಿನ ದಿನವೇ ತೊಳೆದು ಒಣಗಿಸಿಡಿ. ನಡುನಡುವೆ ಬ್ಲೇಡನ್ನು ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ, ಬಿಸಿಯಾಗಿದ್ದರೆ ನಿಲ್ಲಿಸಿ. ಎಷ್ಟೋ ಕುದುರೆಗಳು ಹೆದರುವುದು ಸದ್ದಿಗಲ್ಲ, ಹಿಂದೊಮ್ಮೆ ತಾಗಿದ ಆ ಬಿಸಿಗೆ.

ಒಗ್ಗಿಸಲು ಆತುರ ಬೇಡ. ಮೇವು ತಿನ್ನುವಾಗ ದೂರದಲ್ಲಿ ಕ್ಲಿಪ್ಪರ್ ಚಾಲೂ ಮಾಡಿಡಿ. ಆಮೇಲೆ ನಿಮ್ಮ ಅಂಗೈಯನ್ನು ಕುದುರೆಯ ಭುಜದ ಮೇಲಿಟ್ಟು, ಚಾಲೂ ಇರುವ ಕ್ಲಿಪ್ಪರಿನ ಹಿಡಿಯನ್ನು ಆ ಕೈಯ ಮೇಲೆಯೇ ಇಡಿ. ನಡುಕ ನಿಮ್ಮ ಕೈ ಮೂಲಕ ಅದಕ್ಕೆ ತಲುಪುತ್ತದೆ. ಅಲ್ಲಿಂದ ಸ್ವಲ್ಪಸ್ವಲ್ಪವಾಗಿ ಕುತ್ತಿಗೆಯ ಮೇಲಕ್ಕೆ ಬನ್ನಿ. ತಲೆ ಎತ್ತಿದ ಕ್ಷಣಕ್ಕೆ ಕೈ ತೆಗೆಯಬೇಡಿ; ಅದು ಶಾಂತವಾಗಿ ನಿಂತ ಕ್ಷಣಕ್ಕೆ ತೆಗೆಯಿರಿ. ಕಿವಿ ತಿರುಚಿ ಹಿಡಿಯಲು ಮಾತ್ರ ಯಾರಿಗೂ ಬಿಡಬೇಡಿ. ಹಾಗೆ ಹಿಡಿಸಿಕೊಂಡ ಕುದುರೆ ಮುಂದೆ ಲಗಾಮು ಹಾಕಲೂ ತಲೆ ಕೊಡುವುದಿಲ್ಲ.

ಹರಿಹರದ ಮೆರವಣಿಗೆ ಕುದುರೆಯವರು:

ಮದುವೆ ದಿಬ್ಬಣಕ್ಕೆ, ಜಾತ್ರೆಗೆ ಕುದುರೆ ಕಳಿಸುವ ನಮಗೆ ಜೂಲೇ ಶೋಭೆ. ನಾವು ಕತ್ತರಿ ಹಾಕದೆ ಆ ಜಾಗದ ಕೂದಲನ್ನು ಸಣ್ಣ ಜಡೆ ಹೆಣೆದು ಪಕ್ಕಕ್ಕೆ ಇಳಿಬಿಡುತ್ತೇವೆ. ನಿಮ್ಮ ಕುದುರೆಯನ್ನು ಮುಂದೆ ಮಾರುವ ಯೋಚನೆಯಿದ್ದರೆ ಮಾರ್ವಾರಿಯ ತುಂಬು ಜೂಲಿಗೆ ಬೆಲೆ ಇದೆ ಎಂಬುದನ್ನೂ ಮರೆಯಬೇಡಿ.

ದುರ್ಗದ ಲಾಯದವರು:

ಎರಡು ಗಂಟೆಯ ಮೆರವಣಿಗೆಗೆ ಜಡೆ ನಡೆಯುತ್ತದೆ. ದಿನವೂ ಸವಾರಿ ಮಾಡುವ ಕುದುರೆಯಲ್ಲಿ ಜಡೆಯ ಬುಡ ಪಟ್ಟಿಯಡಿ ಉಬ್ಬಾಗಿ ನಿಂತು ನೆತ್ತಿಗೆ ಒತ್ತುತ್ತದೆ, ಅದು ಗಂಟಿಗಿಂತ ಕೆಟ್ಟದ್ದು. ಎರಡು ಇಂಚಿನೊಳಗೆ ತೆಗೆದರೆ ಲಗಾಮು ಹಾಕಿದ ಮೇಲೆ ಹೊರಗೆ ಅಷ್ಟಾಗಿ ಕಾಣುವುದೂ ಇಲ್ಲ.

ಹೊಳಲ್ಕೆರೆಯ ಪಶುವೈದ್ಯ:

ಚರ್ಮದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಕೂದಲು ಉದುರಿದ ಜಾಗ ದುಂಡಗಿದ್ದು, ಅಂಚಿನಲ್ಲಿ ಹೊಟ್ಟು ಏಳುತ್ತಿದ್ದರೆ ಅದು ಉಜ್ಜಿದ ಗಾಯವಾಗಿರದೆ ಹುಳುಕಡ್ಡಿಯಾಗಿರಬಹುದು. ಈ ಶಿಲೀಂಧ್ರ ಕ್ಲಿಪ್ಪರ್, ಬ್ರಷ್, ಲಗಾಮುಗಳ ಮೂಲಕ ಕುದುರೆಯಿಂದ ಕುದುರೆಗೆ ಹರಡುವುದಲ್ಲದೆ ಮನುಷ್ಯರಿಗೂ ಅಂಟುತ್ತದೆ. ಆದ್ದರಿಂದ ಪಕ್ಕದ ಲಾಯದಿಂದ ಕ್ಲಿಪ್ಪರ್ ಎರವಲು ತಂದರೆ ಬಳಸುವ ಮೊದಲೂ ಹಿಂದಿರುಗಿಸುವ ಮೊದಲೂ ಬ್ಲೇಡನ್ನು ಸೋಂಕುನಿವಾರಕದಿಂದ ಶುಚಿಗೊಳಿಸಲೇಬೇಕು. ಜೂಲಿನ ಬುಡದಲ್ಲಿ ಮತ್ತು ಕಿವಿಯೊಳಗೆ ರಕ್ತ ಹೀರುವ ಉಣ್ಣೆಹುಳು ಇದೆಯೇ ಎಂದೂ ನೋಡಿ. ತಲೆ ಮುಟ್ಟಿಸಿಕೊಳ್ಳದ ಕುದುರೆಗೆ ಎಷ್ಟೋ ಸಲ ಅಲ್ಲಿ ನಿಜವಾದ ನೋವೇ ಇರುತ್ತದೆ. ಕ್ಲಿಪ್ಪರ್ ಕೈಯಲ್ಲಿದೆಯೆಂದು ಕಿವಿಯೊಳಗಿನ ಕೂದಲನ್ನಾಗಲಿ ಮೂತಿಯ ಮೀಸೆಯನ್ನಾಗಲಿ ತೆಗೆಯಬೇಡಿ. ಮೊದಲನೆಯದು ನೊಣವನ್ನು ತಡೆಯುತ್ತದೆ, ಎರಡನೆಯದು ಸ್ಪರ್ಶಕ್ಕೆ ಬೇಕಾದದ್ದು. ಮೀಸೆ ತೆಗೆದ ಕುದುರೆಗಳನ್ನು ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು 2021ರ ಜುಲೈ 1ರಿಂದ ತನ್ನ ಸ್ಪರ್ಧೆಗಳಿಗೆ ಬಿಡುತ್ತಿಲ್ಲ.

ಆನಗೋಡಿನ ಸವಾರ:

ಎಲ್ಲರಿಗೂ ಕೃತಜ್ಞತೆಗಳು. ಈಗಷ್ಟೇ ಲಗಾಮು ಹಾಕಿ ನೋಡಿದೆ. ಹಣೆಪಟ್ಟಿಯಡಿ ಒಂದು ಬೆರಳೂ ಕಷ್ಟದಲ್ಲಿ ತೂರುತ್ತಿದೆ. ಕೆಂಪಾದ ಜಾಗದಲ್ಲಿ ಹೊಟ್ಟು ಇಲ್ಲ, ಉಣ್ಣೆಹುಳುವೂ ಕಾಣಲಿಲ್ಲ. ದಾವಣಗೆರೆಯಲ್ಲಿ ಚರ್ಮದ ಕೆಲಸ ಮಾಡುವವರ ಬಳಿ ಉದ್ದದ ಹಣೆಪಟ್ಟಿ ಹೊಲಿಸುತ್ತೇನೆ. ಜೂಲನ್ನು ಈ ವಾರವೇ ತೆಗೆಯಬಹುದೇ?

ಹೊಳಲ್ಕೆರೆಯ ಪಶುವೈದ್ಯ:

ಕೆಂಪು ಪೂರ್ತಿ ಇಳಿದು ಹೊಸ ಕೂದಲು ಮೊಳೆಯುವವರೆಗೆ ಲಗಾಮನ್ನೂ ಕ್ಲಿಪ್ಪರನ್ನೂ ಅಲ್ಲಿಗೆ ತಾಗಿಸಬೇಡಿ. ಅಷ್ಟರಲ್ಲಿ ಕ್ಲಿಪ್ಪರಿನ ಸದ್ದಿಗೆ ಒಗ್ಗಿಸುವ ಅಭ್ಯಾಸವನ್ನು ಭುಜದಿಂದ ಆರಂಭಿಸಿರಿ.