ಸೈಜ್ ಚಾರ್ಟ್ ನೋಡೇ ತಗೊಂಡಿದ್ದು, ಆದ್ರೂ ಕುರ್ತಾ ಟೈಟ್. ರಿಟರ್ನ್ ಆಗಲ್ಲ ಅಂತಿದಾರೆ, ಏನ್ ಮಾಡ್ಬಹುದು?

ದಾವಣಗೆರೆ_ಬೆಣ್ಣೆ:
ಎಲ್ರಿಗೂ ನಮಸ್ಕಾರ. ನಾದಿನಿ ಸೀಮಂತಕ್ಕೆ ಹಾಕ್ಕೊಳ್ಳೋಣ ಅಂತ ಒಂದು ಆ್ಯಪಲ್ಲಿ ಕುರ್ತಾ ಸೆಟ್ ತರಿಸಿದ್ದೆ, 1,899 ರೂಪಾಯಿ. ಚಾರ್ಟಲ್ಲಿ ಎಕ್ಸೆಲ್ ಅಂದ್ರೆ ಎದೆ ಸುತ್ತಳತೆ 44 ಇಂಚು ಅಂತ ಸ್ಪಷ್ಟವಾಗಿತ್ತು, ಬಂದಿರೋದನ್ನ ಟೇಪ್ ಹಿಡಿದು ನೋಡಿದ್ರೆ 40. ಲೇಬಲ್ ಮೇಲೆ ಮಾತ್ರ ಎಕ್ಸೆಲ್ಲೇ ಇದೆ. ರಿಟರ್ನ್ ಹಾಕಿದೆ, ಪಿಕಪ್‌ಗೆ ಬಂದ ಹುಡುಗ ಲೇಬಲ್ ನೋಡಿ, ಸೈಜ್ ಸರಿಯಾಗೇ ಬಂದಿದೆಯಲ್ಲ ಮೇಡಂ ಅಂತ ಕ್ಯಾನ್ಸಲ್ ಮಾಡಿ ಹೋದ, ಪಾಪ ಅವನಿಗೆ ಫೋನಲ್ಲಿ ಬಂದಿದ್ದೇ ಅಷ್ಟು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಇದು ಸೇಲ್ ಐಟಂ ದುಡ್ಡು ವಾಪಸ್ ಇಲ್ಲ ಎಕ್ಸ್‌ಚೇಂಜ್ ಮಾತ್ರ ಅಂತಾರೆ, ಎಕ್ಸ್‌ಚೇಂಜ್ ಕೇಳಿದ್ರೆ ದೊಡ್ಡ ಸೈಜ್ ಸ್ಟಾಕ್ ಇಲ್ವಂತೆ. ಟ್ಯಾಗ್ ಕಿತ್ತಿಲ್ಲ, ಬಿಲ್ ಇದೆ. ಕಾನೂನಲ್ಲಿ ಇದಕ್ಕೆ ದಾರಿ ಇದ್ಯಾ?

ಮಲ್ನಾಡ್_ಮಳೆ:
ಬಟ್ಟೆ ಫಿಟ್ ಆಗ್ಲಿಲ್ಲ ಅನ್ನೋದಕ್ಕೆ ನಮ್ ದೇಶದಲ್ಲಿ ಕಾನೂನು ಏನೂ ಇಲ್ಲ ಅಕ್ಕ, ಆ್ಯಪ್‌ನವರ ಪಾಲಿಸಿನೇ ಕೊನೆ ಮಾತು. ಯಾರಿಗಾದ್ರೂ ಕೊಟ್ಬಿಡಿ.

ಗ್ರಾಹಕ_ಮಿತ್ರ:
ಮೇಲಿನವರು ಹೇಳಿದ್ರಲ್ಲಿ ಅರ್ಧ ಸರಿ. ಎಕ್ಸೆಲ್ ಆಗುತ್ತೆ ಅಂದ್ಕೊಂಡೆ ಆಗ್ಲಿಲ್ಲ, ಬಣ್ಣ ಒಪ್ಪಲಿಲ್ಲ, ಮನಸ್ಸು ಬದಲಾಯ್ತು, ಇಂಥದ್ದಕ್ಕೆಲ್ಲ ಅಂಗಡಿಯವರ ರಿಟರ್ನ್ ಪಾಲಿಸಿನೇ ಗತಿ, ನಿಜ. ಆದ್ರೆ ಇವರದ್ದು ಆ ಕೇಸೇ ಅಲ್ಲ ಕಣ್ರೀ. ಅವರು 44 ಅಂತ ಬರೆದು 40 ಕಳಿಸಿದಾರೆ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಇದು ನೇರವಾಗಿ ಇದೆ: ಜಾಹೀರಾತಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ಸಾಮಾನನ್ನ ವಾಪಸ್ ತಗೊಳಲ್ಲ, ದುಡ್ಡು ಕೊಡಲ್ಲ ಅನ್ನೋ ಹಾಗಿಲ್ಲ. ಸೇಲ್ ಐಟಂ ಅಂತ ಬೇರೆ ವಿನಾಯಿತಿ ಅದರಲ್ಲಿಲ್ಲ.

ಅದಕ್ಕೆ ನೀವು ಬಳಸೋ ಮಾತು ಮುಖ್ಯ. ಆ್ಯಪಲ್ಲಿ ಕಾರಣ ಕೇಳಿದಾಗ ನಾವೆಲ್ಲ ಫಿಟ್ ಆಗ್ಲಿಲ್ಲ ಅನ್ನೋದನ್ನೇ ಒತ್ತಿಬಿಡ್ತೀವಿ, ಅಲ್ಲಿಗೆ ಅದು ನಮ್ಮ ಮೈಯ ಸಮಸ್ಯೆ ಆಗೋಗುತ್ತೆ, ಅವರ ಸಾಮಾನಿನ ಸಮಸ್ಯೆ ಆಗಲ್ಲ. ಚಾರ್ಟಲ್ಲಿ ತೋರಿಸಿದ ಅಳತೆಗೂ ಬಂದ ಬಟ್ಟೆಗೂ 4 ಇಂಚು ವ್ಯತ್ಯಾಸ ಇದೆ ಅಂತ ಬರೀರಿ. ಮೊದಲು ಆ ಚಾರ್ಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಇವತ್ತೇ, ನಾಳೆ ಅವರು ಅದನ್ನ ಬದಲಾಯಿಸಿದ್ರೆ ನಿಮ್ಮ ಹತ್ರ ಏನೂ ಉಳಿಯಲ್ಲ. ಆಮೇಲೆ ಆ್ಯಪಲ್ಲಿ ಗ್ರೀವೆನ್ಸ್ ಆಫೀಸರ್ (ಗ್ರಾಹಕರ ದೂರು ನೋಡ್ಕೊಳ್ಳೋ ಕಂಪನಿಯ ಅಧಿಕಾರಿ) ಹೆಸರು, ಇಮೇಲ್ ಹುಡುಕಿ, ಅದನ್ನ ಹಾಕಲೇಬೇಕು ಅಂತ ರೂಲ್ ಇದೆ. ಅವರು 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳ್ಬೇಕು, ಒಂದು ತಿಂಗಳೊಳಗೆ ಪರಿಹರಿಸ್ಬೇಕು. ಫೋನಲ್ಲಿ ಮಾತಾಡಿದ್ದು ಗಾಳಿಗೆ ಹೋಗುತ್ತೆ, ಎಲ್ಲಾ ಬರವಣಿಗೆಲೇ ಇರ್ಲಿ.

ಹುಬ್ಬಳ್ಳಿ_ಹೊಲಿಗಿ:
ಅಕ್ಕಾರ, ನಾ ಟೇಲರ್ ಅದೀನ್ರಿ. ನೀವು ಅಳತಿ ತಪ್ಪು ತಗೊಂಡೀರಿ ಅಂತನ ಅವರು ಮೊದ್ಲ ಹೇಳೋದು, ಅದಕ್ಕ ಅದನ್ನ ಸರಿಯಾಗಿ ತೋರಸ್ರಿ. ಕುರ್ತಾನ ಟೇಬಲ್ ಮ್ಯಾಲ ಸುಕ್ಕಿಲ್ದಂಗ ಹಾಸ್ರಿ, ಒಂದ್ ಬಗಲಿಂದ ಇನ್ನೊಂದ್ ಬಗಲಿಗೆ ಟೇಪ್ ಇಡ್ರಿ, ಬಟ್ಟಿ ಎಳೀಬ್ಯಾಡ್ರಿ, ಬಂದದ್ದನ್ನ ಎರಡರಿಂದ ಗುಣಸ್ರಿ. 22 ಬರಬೇಕಿತ್ತು, 20 ಬಂದಿರತೈತಿ. ಟೇಪಿನ ನಂಬರ್ ಮತ್ತ ಲೇಬಲ್ ಎರಡೂ ಒಂದ ಫೋಟೋದಾಗ ಬರ್ಲಿ.

ಇನ್ನೊಂದ್ ನೋಡ್ರಿ, ಚಾರ್ಟಿನ್ಯಾಗ ಕೊಟ್ಟದ್ದು ಮೈ ಅಳತಿನೋ ಬಟ್ಟಿ ಅಳತಿನೋ ಅಂತ. ಬಟ್ಟಿ ಯಾವಾಗ್ಲೂ ಮೈಗಿಂತ ಎರಡ್ಮೂರು ಇಂಚು ಸಡಿಲ ಇರಬೇಕ್ರಿ, ಇಲ್ಲಾಂದ್ರ ಕೈ ಎತ್ತಾಕ ಆಗಂಗಿಲ್ಲ. 44 ಮೈ ಅಳತಿ ಅಂತ ಬರದು 40ರ ಬಟ್ಟಿ ಕಳಿಸಿದ್ರ ಅದಂತೂ ಇನ್ನೂ ದೊಡ್ಡ ತಪ್ಪು. ಅರ್ಧ ಇಂಚು, ಒಂದಿಂಚು ಹೊಲಿಗ್ಯಾಗ ಹೆಚ್ಚುಕಮ್ಮಿ ಆಗತೈತಿ, ನಾಕಿಂಚು ಆಗಂಗಿಲ್ಲ. ತೀರ್ಮಾನ ಆಗೋತನಕ ಆಲ್ಟರ್ ಮಾಡಿಸಬ್ಯಾಡ್ರಿ, ನೀರಿಗೂ ಹಾಕಬ್ಯಾಡ್ರಿ, ಕಾಟನ್ ಇದ್ರ ತೊಳದ್ಮ್ಯಾಲ ಕುಗ್ಗೇತಿ ಅಂತ ನಿಮ್ಮ ಮ್ಯಾಲ ಹಾಕ್ತಾರ.

ಮ್ಯಾಂಚೆಸ್ಟರ್_ಮೈಸೂರಿಗ:
ಇಲ್ಲಿ ಯುಕೆಲಿ ಆನ್‌ಲೈನ್ ತಗೊಂಡ ಬಟ್ಟೆಗೆ ಕಾರಣನೇ ಹೇಳೋದು ಬೇಡ, ಕೈಗೆ ಬಂದ 14 ದಿನದೊಳಗೆ ಬೇಡ ಅಂತ ತಿಳಿಸಿದ್ರೆ ಆಯ್ತು, ವಾಪಸ್ ಕಳಿಸೋಕೆ ಮತ್ತೆ 14 ದಿನ. ಸೇಲ್ ಐಟಂಗೂ ಇದೇ. ನಮ್ಮ ಅಳತೆ ಕೊಟ್ಟು ಹೊಲಿಸಿದ್ದಕ್ಕೆ ಮಾತ್ರ ಇಲ್ಲ. ಯುರೋಪಿಯನ್ ಯೂನಿಯನ್ ದೇಶಗಳಲ್ಲೂ 14 ದಿನ. ಮುಟ್ಟಿ ನೋಡದೆ, ಹಾಕಿ ನೋಡದೆ ತಗೊಳ್ಳೋ ಸಾಮಾನಿಗೆ ಇಷ್ಟಾದ್ರೂ ಇರಬೇಕಲ್ವಾ, ನಮ್ಮಲ್ಲೂ ಬರಬೇಕು ಅಂತ ನನ್ನ ಆಸೆ.

ದಾವಣಗೆರೆ_ಬೆಣ್ಣೆ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಹುಬ್ಬಳ್ಳಿ ಅಣ್ಣ, ನೀವು ಹೇಳಿದ ಹಾಗೇ ಅಳೆದೆ, ಸರಿಯಾಗಿ 20. ಚಾರ್ಟಲ್ಲಿ ಬಟ್ಟೆಯ ಅಳತೆ ಅಂತಲೇ ಇದೆ. ಗ್ರೀವೆನ್ಸ್ ಆಫೀಸರ್‌ಗೆ ಮೇಲ್ ಹಾಕ್ತೀನಿ, ಅವರೂ ಕೈ ಎತ್ತಿಬಿಟ್ರೆ? ಸೆಲ್ಲರ್ ಬೇರೆ ರಾಜ್ಯದವರು, ಅಲ್ಲಿಗೆ ಹೋಗಿ ಕೇಸ್ ಹಾಕೋಕಾಗುತ್ತಾ?

ಗ್ರಾಹಕ_ಮಿತ್ರ:
ಎಲ್ಲಿಗೂ ಹೋಗ್ಬೇಡಿ. 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡ್ಬಹುದು. ಅವರು ಕೋರ್ಟ್ ಅಲ್ಲ, ಆದ್ರೆ ದೂರನ್ನ ಕಂಪನಿಗೆ ಕಳಿಸಿ ಉತ್ತರ ಕೇಳ್ತಾರೆ, ಎಷ್ಟೋ ಸಲ ಇಷ್ಟಕ್ಕೇ ದುಡ್ಡು ವಾಪಸ್ ಬರುತ್ತೆ. ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ನೀವು ವಾಸ ಇರೋ ಜಿಲ್ಲೆಲೇ ದೂರು ಕೊಡ್ಬಹುದು, ಸೆಲ್ಲರ್ ಎಲ್ಲೇ ಇರಲಿ. 5 ಲಕ್ಷದವರೆಗಿನ ಖರೀದಿಗೆ ಫೀಸ್ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಈಗ ಇ-ಜಾಗೃತಿ ಪೋರ್ಟಲಲ್ಲಿ ಮನೆಯಿಂದಲೇ ಹಾಕ್ಬಹುದು. ಎರಡು ವರ್ಷದೊಳಗೆ ಹಾಕ್ಬೇಕು ಅಷ್ಟೇ, ಆದ್ರೆ ಅಷ್ಟು ದಿನ ಕಾಯೋಕೆ ಹೋಗ್ಬೇಡಿ.

1,899 ರೂಪಾಯಿಗೆ ಇಷ್ಟೆಲ್ಲ ಯಾಕೆ ಅಂತ ಮನೇಲಿ ಯಾರಾದ್ರೂ ಅಂದ್ರೂ ಕೇಳ್ಬೇಡಿ, ಅದೇ ಚಾರ್ಟ್ ನೋಡಿ ಎಷ್ಟು ಜನ ತಗೊಂಡಿರ್ತಾರೋ. ಮೇಲಲ್ಲಿ ಆರ್ಡರ್ ನಂಬರ್, ಚಾರ್ಟಿನ ಸ್ಕ್ರೀನ್‌ಶಾಟ್, ಟೇಪ್ ಫೋಟೋ, ಪಿಕಪ್ ಕ್ಯಾನ್ಸಲ್ ಆದ ಮೆಸೇಜ್ ಎಲ್ಲಾ ಒಟ್ಟಿಗೆ ಹಾಕಿ, ಎಕ್ಸ್‌ಚೇಂಜ್ ಬೇಡ ಪೂರ್ತಿ ದುಡ್ಡು ಬೇಕು ಅಂತ ಮೊದಲನೇ ಸಾಲಲ್ಲೇ ಬರೀರಿ.