ಚೆಕ್ ಇಂಜಿನ್ ಲೈಟ್ ಹೋಗ್ತಾ ಇಲ್ಲ, ಕಡಿಮೆ ಬೆಲೆಯ ಸ್ಕ್ಯಾನರ್ ಯಾವುದು ತಗೊಳ್ಳಲಿ?

ಪ್ರಶ್ನೆ (ಬದಿಯಡ್ಕ): ನನ್ನದು 2015ರ ಪೆಟ್ರೋಲ್ ಸ್ವಿಫ್ಟ್. ಕಳೆದ ವಾರ ಮಂಗಳೂರಿಂದ ಬರುವಾಗ ಕುಂಬಳೆ ಹತ್ತಿರ ಹಳದಿ ಲೈಟ್ ಬಂತು. ಒಂದು ಗ್ಯಾರೇಜಿನಲ್ಲಿ 500 ರೂಪಾಯಿ ತಗೊಂಡು ಕೋಡ್ (ತೊಂದರೆ ಬಗ್ಗೆ ಕಾರಿನ ಕಂಪ್ಯೂಟರ್ ಬರೆದಿಡುವ ಸಂಕೇತ) ಅಳಿಸಿ ಕೊಟ್ಟರು, ಅದು ಯಾವುದು ಅಂತ ಹೇಳಲೇ ಇಲ್ಲ, ಮೂರನೇ ದಿನ ಮತ್ತೆ ಬಂತು. 1500ರ ಒಳಗೆ ಏನಾದರೂ ಇದೆಯಾ?

ಉತ್ತರ (ಮಂಜೇಶ್ವರ): ಇಎಲ್ಎಂ327 ಬ್ಲೂಟೂತ್ ಅಡಾಪ್ಟರ್ ಸಾಕು, ಕಾರಿನ ಕೋಡ್ ಓದಿ ಫೋನಿಗೆ ಕಳಿಸುವ ಸಣ್ಣ ಸಾಧನ. ಸ್ಟೀರಿಂಗ್ ಕೆಳಗಿನ 16 ಪಿನ್ ಪೋರ್ಟಿಗೆ ಹಾಕಿ, ಫೋನಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ತೆರೆಯಿರಿ. ತೀರಾ ಅಗ್ಗದ ನಕಲಿಗಳಲ್ಲಿ ಕೆಲವು ಕಮಾಂಡ್‌ಗಳೇ ಇರಲ್ಲ, ಕನೆಕ್ಷನ್ ಆಗಾಗ ಕಡಿದು ಹೋಗುತ್ತೆ, ಹಾಗಾಗಿ ವಾಪಸ್ ಕೊಡಲು ಆಗುವ ಕಡೆ ತಗೊಳ್ಳಿ. ಐಫೋನ್ ಆದರೆ ವೈಫೈ ಅಥವಾ ಬ್ಲೂಟೂತ್ ಎಲ್ಇ (ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್) ಇರುವುದೇ ಬೇಕು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ಕೋಡ್ ಇದರಲ್ಲಿ ಸಾಮಾನ್ಯವಾಗಿ ಸಿಗಲ್ಲ.

ಉತ್ತರ (ಕಾಸರಗೋಡು): ಕೋಡ್ ಬರೆದಿಟ್ಟುಕೊಳ್ಳದೆ ಅಳಿಸಬೇಡಿ ದಯವಿಟ್ಟು. ಅಳಿಸಿದರೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತೆ, ಅಂದರೆ ತೊಂದರೆ ಬಂದ ಗಳಿಗೆಯಲ್ಲಿ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಿತ್ತು ಅನ್ನೋ ಮಾಹಿತಿ. ನನಗೆ ಪಿ0135 ಬಂದಿತ್ತು, ಅಂದರೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ತೊಂದರೆ. ಹೊಸ ಸೆನ್ಸರ್ ಹಾಕಿಸಲು ಹೊರಟಿದ್ದೆ. ಬಾನೆಟ್ ಎತ್ತಿ ನೋಡಿದರೆ ಇಲಿ ವೈರ್ ಕಡಿದಿತ್ತು, ಮಳೆಗಾಲ ಅಲ್ವಾ, ಬೆಚ್ಚಗೆ ಅಂತ ಒಳಗೆ ಬಂದಿತ್ತು, ತಾಮ್ರ ಹೊಳೀತಾ ಇತ್ತು. ಕೋಡ್ ಎಲ್ಲಿ ಹುಡುಕಬೇಕು ಅಂತ ಹೇಳುತ್ತೆ, ಯಾವ ಪಾರ್ಟ್ ಬದಲಿಸಬೇಕು ಅಂತಲ್ಲ. ಮತ್ತೆ, ಲೈಟ್ ಮಿನುಗಿದರೆ ಮಾತ್ರ ಓಡಿಸಬೇಡಿ, ಅದು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದ ಮಿಸ್‌ಫೈರ್.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. ಅಡಾಪ್ಟರ್ ಯಾವಾಗಲೂ ಪೋರ್ಟಿನಲ್ಲೇ ಇಡಬಹುದಾ?

ಉತ್ತರ (ಮಂಜೇಶ್ವರ): ಬೇಡ, ಕಾರು ನಿಂತಿದ್ದರೂ ಬ್ಯಾಟರಿ ಎಳೆಯುತ್ತೆ. ನೋಡಿ ಆದಮೇಲೆ ತೆಗೆದಿಡಿ. ಕೋಡ್ ಸಿಕ್ಕಿದರೆ ಇಲ್ಲೇ ಹಾಕಿ, ನೋಡೋಣ.