ಹಳೆ ವಿಮಾನದ ಟ್ಯಾಂಕ್ ಮುಚ್ಚಳದ ತೂತು ದೊಡ್ಡದು ಮಾಡಬಹುದಾ?

ಪ್ರಶ್ನೆ: ಸರ್, ನನ್ನದು 1946ರ ಎರಡು ಸೀಟಿನ ವಿಮಾನ. ರೆಕ್ಕೆಯಲ್ಲಿ ಟ್ಯಾಂಕ್ ಇದೆ. ಪಂಪ್ ಇಲ್ಲ, ಪೆಟ್ರೋಲ್ ತಾನಾಗಿ ಇಂಜಿನ್‌ಗೆ ಇಳಿಯುತ್ತದೆ. ಹಳೆ ಮುಚ್ಚಳ ಸವೆದಿತ್ತು ಅಂತ ಹೊಸದು ಹಾಕಿದೆ. ಈಗ ಟ್ಯಾಂಕ್ ಅರ್ಧಕ್ಕಿಂತ ಕಡಿಮೆಯಾದಾಗ, ಅದೂ ಮೇಲೇರುವಾಗ, ಇಂಜಿನ್ ತಡವರಿಸುತ್ತದೆ. ನೆಲದ ಮೇಲೆ ಎಷ್ಟು ಹೊತ್ತು ಓಡಿಸಿದರೂ ಸರಿಯಾಗೇ ಇರುತ್ತದೆ. ಮುಚ್ಚಳದ ತೂತು ದೊಡ್ಡದು ಮಾಡಲಾ?

ಉತ್ತರ: ಡ್ರಿಲ್ ಮುಟ್ಟಬೇಡಿ. ಕಾರಣ ಖಚಿತವಾಗುವ ತನಕ ಹಾರಿಸಲೂ ಬೇಡಿ. ಹಳೆ ಮುಚ್ಚಳದ ಮೇಲೆ ಮುಂದಕ್ಕೆ ಬಾಗಿದ ಸಣ್ಣ ಕೊಳವೆ ಇತ್ತಾ?

ಪ್ರಶ್ನೆ: ಇತ್ತು ಸರ್. ಹೊಸದರಲ್ಲಿ ಬರೀ ತೂತು. ಒಳಗೆ ಗಾಳಿ ಹೋದರೆ ಸಾಕಲ್ವಾ?

ಉತ್ತರ: ಸಾಲದು. ಹಾರುವಾಗ ರೆಕ್ಕೆಯ ಮೇಲ್ಭಾಗದಲ್ಲಿ ಒತ್ತಡ ಕಡಿಮೆ ಇರುತ್ತದೆ. ಬರೀ ತೂತಿದ್ದರೆ ಅದು ಟ್ಯಾಂಕ್‌ನೊಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ತೂತು ದೊಡ್ಡದಾದರೂ ಎಳೆತ ಅಷ್ಟೇ. ಮುಂದಕ್ಕೆ ಮುಖ ಮಾಡಿದ ಕೊಳವೆ ಎದುರುಗಾಳಿಯನ್ನು ಹಿಡಿದು ಟ್ಯಾಂಕ್ ಒಳಗೆ ಒತ್ತಡ ಕೊಡುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಒತ್ತಡ ಸುಮಾರು 6.5 ಸೆಂ.ಮೀ. ಎತ್ತರದ ಪೆಟ್ರೋಲಿಗೆ ಸಮ. ಕೇಳಲು ಚಿಕ್ಕದು, ಆದರೆ ನಿಮ್ಮ ವಿಮಾನದಲ್ಲಿ ಪೆಟ್ರೋಲನ್ನು ತಳ್ಳಲು ಎತ್ತರ ಬಿಟ್ಟರೆ ಬೇರೇನೂ ಇಲ್ಲ. ಟ್ಯಾಂಕ್ ಖಾಲಿಯಾಗುತ್ತಾ ಆ ಎತ್ತರ ಇಳಿಯುತ್ತದೆ. ಮೂತಿ ಮೇಲೆತ್ತಿದರೆ ಕಾರ್ಬುರೇಟರ್ (ಇಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ಮೇಲೆ ಬಂದು ಇನ್ನೂ ಕಡಿಮೆಯಾಗುತ್ತದೆ. ನೆಲದ ಮೇಲೆ ಈ ಎಳೆತ ಇಲ್ಲ, ಅದಕ್ಕೇ ಅಲ್ಲಿ ತೊಂದರೆ ಕಾಣುತ್ತಿಲ್ಲ.

ವೆಂಟ್, ಅಂದರೆ ಟ್ಯಾಂಕ್‌ಗೆ ಗಾಳಿ ಹೋಗುವ ದಾರಿ, ಎಲ್ಲಿದೆ, ಯಾವ ಕಡೆ ನೋಡುತ್ತದೆ ಅನ್ನೋದು ತುಂಬಾ ಮುಖ್ಯ. ಸೆಸ್ನಾ 172ರಲ್ಲಿ ಎಡ ರೆಕ್ಕೆಯ ಕೆಳಗೆ, ಸ್ಟ್ರಟ್ (ರೆಕ್ಕೆಗೆ ಆಸರೆಯಾದ ಓರೆ ಕಂಬ) ಹಿಂದೆ ವೆಂಟ್ ಕೊಳವೆ ಇದೆ. ಅದು ಬಗ್ಗಿದ್ದರೆ ಸುಮ್ನೆ ಕಣ್ಣಳತೆಯಲ್ಲಿ ನೆಟ್ಟಗೆ ಮಾಡಬಾರದು. ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಳತೆಗೇ ಕೂರಿಸಬೇಕು.

ಪ್ರಶ್ನೆ: ಹಾಗಾದರೆ ಹೊಸ ಮುಚ್ಚಳಕ್ಕೆ ನಾನೇ ಕೊಳವೆ ಬೆಸುಗೆ ಹಾಕಲಾ?

ಉತ್ತರ: ಬೇಡ. ಅದು ಒಪ್ಪಿಗೆ ಇಲ್ಲದ ಮಾರ್ಪಾಡಾಗುತ್ತದೆ. ನಿಮ್ಮ ಮಾಡೆಲ್‌ನ ಪಾರ್ಟ್ ನಂಬರ್ ನೋಡಿ ಅದೇ ಮುಚ್ಚಳ ತರಿಸಿ, ಲಾಗ್‌ಬುಕ್‌ನಲ್ಲಿ ಬರೆಸಿ. ಆಮೇಲೆ ಮೆಕ್ಯಾನಿಕ್ ಕೈಯಲ್ಲಿ ಫ್ಲೋ ಟೆಸ್ಟ್ ಮಾಡಿಸಿ, ಅಂದರೆ ನೆಲದ ಮೇಲೆ ಪೆಟ್ರೋಲ್ ಎಷ್ಟು ಬೇಗ ಇಳಿದು ಬರುತ್ತದೆ ಅಂತ ಅಳೆಸಿ. ಟ್ಯಾಂಕ್‌ನಲ್ಲಿ ತೀರಾ ಕಡಿಮೆ ಪೆಟ್ರೋಲ್ ಇರಲಿ, ಮೂತಿ ಕಡಿದಾಗಿ ಏರುವಾಗಿನಷ್ಟು ಎತ್ತಿರಲಿ. ಪಂಪ್ ಇಲ್ಲದ ವಿಮಾನದಲ್ಲಿ ಟೇಕಾಫ್‌ಗೆ ಬೇಕಾದದ್ದರ 150 ಪರ್ಸೆಂಟ್ ಬರಬೇಕು. ಟೇಕಾಫ್‌ನಲ್ಲಿ ಇಂಜಿನ್ ಗಂಟೆಗೆ 20 ಲೀಟರ್ ಕುಡಿಯುವುದಾದರೆ, ಟೆಸ್ಟ್‌ನಲ್ಲಿ ಗಂಟೆಗೆ 30 ಲೀಟರ್, ಅಂದರೆ ನಿಮಿಷಕ್ಕೆ ಅರ್ಧ ಲೀಟರ್ ಬರಬೇಕು. ಇಷ್ಟು ಬಂದರೂ ಈಗಿನ ಮುಚ್ಚಳ ಸರಿ ಅಂತಲ್ಲ. ಗಾಳಿಯ ಎಳೆತ ಈ ಟೆಸ್ಟ್‌ನಲ್ಲಿ ಕಾಣಿಸುವುದಿಲ್ಲ.

ಕಣಜಗಳಿಗೆ ಇಂಥ ಕೊಳವೆ ಅಂದರೆ ಜಾಸ್ತಿ ಇಷ್ಟ, ಒಳಗೆ ಮಣ್ಣಿನ ಗೂಡು ಕಟ್ಟುತ್ತವೆ. ಪ್ರತಿ ಸಲ ಹಾರುವ ಮೊದಲು ಕೊಳವೆ ತೆರೆದಿದೆಯಾ, ಮುಂದಕ್ಕೇ ಮುಖ ಮಾಡಿದೆಯಾ ನೋಡಿ. ಕೆಲವು ಮುಚ್ಚಳ ಹಿಂದುಮುಂದಾಗಿಯೂ ಕೂರುತ್ತವೆ.